‘ನನ್ನ ಡೇಟ್ ಯಾವಾಗ ಮೇಡಂ?’

ಎರಡು ಸಂಚಿಕೆಗಳ ಹಿಂದೆ, ಜೈಲಿನಲ್ಲಿ ಮನೋವಿಜ್ಞಾನಿಯಾಗಿ ನಾನು ಮಾಡುವ ಕೆಲಸದ ಬಗ್ಗೆ ಇಲ್ಲಿ ಬರೆದಿದ್ದೆ. ಅದನ್ನು ಓದಿ ನೀವು ಬರೆದ ಕಾಗದಗಳನ್ನೆಲ್ಲ ಸಂಪಾದಕರು ಒಂದು ದೊಡ್ಡ ಕವರಿನಲ್ಲಿ ಹಾಕಿ ಕಳಿಸಿದರು. ಮೂರು ರಾತ್ರಿ ಕೂತು ಓದಿದೆ. ಕೆಲವನ್ನು ಎರಡೆರಡು ಸಲ ಓದಿದೆ. ಎಲ್ಲಕ್ಕೂ ಉತ್ತರ ಬರೆಯಲು ಇಲ್ಲಿ ಜಾಗವಿಲ್ಲ. ಒಂದೇ ಥರದವನ್ನು ಸೇರಿಸಿ ಏಳು ಪತ್ರ ಆರಿಸಿದ್ದೇನೆ. ಯಾರ ಗುರುತೂ ಸಿಗಬಾರದು ಅಂತ ಊರು, ವಯಸ್ಸು, ಕೇಸಿನ ವಿವರ ಬದಲಾಯಿಸಿದ್ದೇನೆ. ನಾನು ಹೇಳುವ ಬಂದಿಗಳ ವಿಷಯದಲ್ಲೂ ಹಾಗೆಯೇ.

ಪ್ರಶ್ನೆ: ನನ್ನ ಮಗನಿಗೆ 22 ವರ್ಷ. ಹೊಡೆದಾಟದ ಕೇಸಿನಲ್ಲಿ ನಾಲ್ಕು ತಿಂಗಳಿಂದ ಜೈಲಿನಲ್ಲಿದ್ದಾನೆ. ವಾರವಾರ ಬಸ್ಸಿನಲ್ಲಿ ಹೋಗಿ ನೋಡುತ್ತೇನೆ. ಮೊದಮೊದಲು ಅಳುತ್ತಿದ್ದ. ಈಗ ಮಾತೇ ಇಲ್ಲ. ಹೋದ ವಾರ ಹೆಸರು ಕೂಗಿದರೂ ಹೊರಗೆ ಬರಲಿಲ್ಲ. ‘ಇನ್ನೇನು ಬಿಟ್ಟುಬಿಡ್ತಾರೆ ಕಣೋ’ ಅಂತ ಧೈರ್ಯ ಹೇಳುತ್ತಲೇ ಇದ್ದೇನೆ. ನಾನು ಏನು ತಪ್ಪು ಮಾಡುತ್ತಿದ್ದೇನೆ?
— ಒಬ್ಬ ತಾಯಿ, ರಾಣೆಬೆನ್ನೂರು

ಅಕ್ಕಾ, ತಪ್ಪು ಅಂತ ಅಂದುಕೊಳ್ಳಬೇಡಿ. ವಾರವಾರ ಬಸ್ಸು ಹತ್ತುತ್ತೀರಲ್ಲ, ಅದರ ಬೆಲೆ ಒಳಗಿರುವವರಿಗೆ ಗೊತ್ತು. ನೋಡಲು ಯಾರೂ ಬರದವರು ಜೈಲಿನಲ್ಲಿ ಬಹಳ ಜನ. ಸಂದರ್ಶನಕ್ಕೆ ಹೆಸರು ಕೂಗುವ ಹೊತ್ತಿಗೆ ಅವರು ಬ್ಯಾರಕ್ಕಿನ ಹಿಂದಕ್ಕೆ ಹೋಗುತ್ತಾರೆ. ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಾ ಕೂರುತ್ತಾರೆ.

ಆದರೆ ‘ಇನ್ನೇನು ಬಿಟ್ಟುಬಿಡ್ತಾರೆ’ ಅನ್ನುವ ಮಾತು ಮಾತ್ರ ನಿಲ್ಲಿಸಿ. ಇದನ್ನು ನಾನು ಕಲಿತಿದ್ದು ಒಬ್ಬ ಹುಡುಗನಿಗೆ ನೋವು ಕೊಟ್ಟು. ಕೆಲಸಕ್ಕೆ ಸೇರಿದ ಎರಡನೇ ವರ್ಷ ಅದು. ಅವನಿಗೂ ಹೆಚ್ಚೂಕಮ್ಮಿ ನಿಮ್ಮ ಮಗನ ವಯಸ್ಸು. ಬೇಲ್ ಅರ್ಜಿ ಹಾಕಿದ್ದರು, ಆದೇಶದ ಹಿಂದಿನ ದಿನ ನಡುಗುತ್ತಿದ್ದ. ನಾನು ‘ಸಣ್ಣ ಕೇಸಪ್ಪ, ಈ ಸಲ ಆಗೇ ಆಗುತ್ತೆ’ ಅಂದುಬಿಟ್ಟೆ. ಅವನು ಬ್ಯಾರಕ್ಕಿಗೆ ಹೋಗಿ ತನ್ನ ಸೋಪು, ಟವೆಲ್ಲು, ಒಂದು ಜೊತೆ ಚಪ್ಪಲಿ ಎಲ್ಲವನ್ನೂ ಪಕ್ಕದವನಿಗೆ ಕೊಟ್ಟ. ನಾಳೆ ಮನೆಗೆ ಹೋಗುವವನಿಗೆ ಅವೆಲ್ಲ ಯಾಕೆ ಅಲ್ವಾ? ಮಾರನೇ ದಿನ ಅರ್ಜಿ ವಜಾ ಆಯಿತು. ಸಂಜೆ ಬ್ಯಾರಕ್ಕಿಗೆ ಬೀಗ ಹಾಕಿದ ಮೇಲೆ ಅವನು ಆ ಟವೆಲ್ಲನ್ನು ವಾಪಸ್ ಕೇಳಬೇಕಾಯಿತು. ಮೂರು ವಾರ ನನ್ನ ಜೊತೆ ಮಾತಾಡಲಿಲ್ಲ. ತಟ್ಟೆಯಲ್ಲಿ ಅರ್ಧ ಊಟ ಹಾಗೇ ಬಿಡುತ್ತಿದ್ದ. ಅವತ್ತಿನಿಂದ, ನನಗೆ ಖಾತ್ರಿ ಇಲ್ಲದ್ದನ್ನು ಒಳಗೆ ಯಾರಿಗೂ ಹೇಳಿಲ್ಲ.

ಜೈಲಿನಲ್ಲಿ ಮನಸ್ಸನ್ನು ತಿನ್ನುವುದು ಗೋಡೆಗಿಂತ ಜಾಸ್ತಿ ಈ ಅನಿಶ್ಚಯ. 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರಿಗೆ ಇನ್ನೂ ತೀರ್ಪೇ ಬಂದಿಲ್ಲ. ಸಜಾ ಆದವನಿಗೆ ಒಂದು ಲೆಕ್ಕ ಇರುತ್ತದೆ. ಇಷ್ಟು ವರ್ಷ, ಇಷ್ಟು ರೆಮಿಶನ್ (ಶಿಕ್ಷೆಯಲ್ಲಿ ಕಡಿತ), ಇಂಥ ವರ್ಷ ಪೆರೋಲ್ ಅಂತ ಗೋಡೆ ಮೇಲೆ ಬರೆದುಕೊಳ್ಳುತ್ತಾನೆ. ವಿಚಾರಣಾಧೀನನಿಗೆ ಇರುವುದು ಮುಂದಿನ ವಾಯಿದೆ ಒಂದೇ. ಆ ದಿನ ವಿಡಿಯೋ ಕಾನ್ಫರೆನ್ಸ್ ಪರದೆ ಮುಂದೆ ಒಂದು ನಿಮಿಷ ನಿಲ್ಲಿಸುತ್ತಾರೆ. ಹೆಸರು ಹೇಳುತ್ತಾನೆ, ಇನ್ನೊಂದು ತಾರೀಕು ಬೀಳುತ್ತದೆ. ನನ್ನ ಕೋಣೆಗೆ ಬರುವವರು ‘ನಿದ್ದೆ ಇಲ್ಲ’ ಅಂತ ಹೇಳುವ ಮೊದಲು ಕೇಳುವುದೇ ‘ನನ್ನ ಡೇಟ್ ಯಾವಾಗ ಮೇಡಂ?’ ಅಂತ.

ಹಾಗಾಗಿ ನೀವು ಹೋಗುವ ಮೊದಲು ವಕೀಲರ ಹತ್ತಿರ ಮೂರು ವಿಷಯ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದಿನ ವಾಯಿದೆ ಯಾವತ್ತು? ಅವತ್ತು ಏನು ನಡೆಯುತ್ತದೆ? ಅದಾದ ಮೇಲೆ ಏನು? ಅಷ್ಟನ್ನು ಮಗನಿಗೆ ಹಾಗ್ಹಾಗೇ ಹೇಳಿ. ‘ಇಪ್ಪತ್ತನೇ ತಾರೀಕು ಸಾಕ್ಷಿ ಇಲ್ಲ ಕಣೋ, ಬರೀ ಡೇಟ್ ಕೊಡ್ತಾರಂತೆ’ ಅನ್ನುವುದು ಕೇಳಲು ಕಹಿ. ಆದರೂ ಅದನ್ನು ಹಿಡಿದುಕೊಂಡು ಅವನು ಇಪ್ಪತ್ತನೇ ತಾರೀಕಿನವರೆಗೆ ಹೋಗಬಲ್ಲ. ಇನ್ನೊಂದನ್ನೂ ವಕೀಲರಿಗೆ ಕೇಳಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಇದೆ. ಹಿಂದೆ ಯಾವ ಶಿಕ್ಷೆಯೂ ಆಗಿರದವರು, ಆ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಒಳಗೇ ಕಳೆದಿದ್ದರೆ ಬಿಡುಗಡೆಗೆ ಅರ್ಹರು. ಮರಣದಂಡನೆ, ಜೀವಾವಧಿಯ ಕೇಸುಗಳಿಗೆ ಇದು ಅನ್ವಯಿಸುವುದಿಲ್ಲ. ಒಂದಕ್ಕಿಂತ ಹೆಚ್ಚು ಕೇಸುಗಳಿದ್ದರೂ ಆಗುವುದಿಲ್ಲ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಜೈಲಿನಲ್ಲಿರುವ ಯಾರಿಗೇ ಆಗಲಿ ಉಚಿತ ವಕೀಲರು ಸಿಗಬೇಕು ಅಂತ 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ ಹೇಳುತ್ತದೆ.

ಕೇಸಿನ ಮಾತು ಮುಗಿದ ಮೇಲೆ ಮನೆ ಸುದ್ದಿ ಹೇಳಿ. ಸಣ್ಣ ಸುದ್ದಿ. ನಮ್ಮಲ್ಲೊಬ್ಬನಿಗೆ ಅವನ ತಾಯಿ ಬಂದು ‘ಎಮ್ಮೆ ಈದೈತೋ, ಹೆಣ್ಗರು’ ಅಂದರಂತೆ. ಆ ಕರುವಿಗೆ ಹೆಸರಿಡಲು ಅವನು ಒಂದು ತಿಂಗಳು ಯೋಚಿಸಿದ. ಬ್ಯಾರಕ್ಕಿನವರೆಲ್ಲ ಹೆಸರು ಸೂಚಿಸಿದರು. ಆ ತಿಂಗಳು ಅವನಿಗೆ ನಿದ್ದೆ ಮಾತ್ರೆ ಬೇಕಾಗಲಿಲ್ಲ.

ಈಗ ಮುಖ್ಯವಾದ ಮಾತು. ಅಳುತ್ತಿದ್ದವನು ಮೌನವಾಗಿದ್ದಾನೆ, ನಿಮ್ಮನ್ನು ನೋಡಲೂ ಬರಲಿಲ್ಲ ಅಂದಿರಿ. ಇದನ್ನು ಕಾಯುತ್ತಾ ಕೂರಬೇಡಿ. ನಾಳೆಯೇ ಹೋಗಿ. ಸಂದರ್ಶನದ ಕೌಂಟರಿನಲ್ಲಿ ‘ಸೂಪರಿಂಟೆಂಡೆಂಟರನ್ನೋ ವೈದ್ಯಾಧಿಕಾರಿಯನ್ನೋ ನೋಡಬೇಕು’ ಅನ್ನಿ. ಒಂದು ಬಿಳಿ ಹಾಳೆಯಲ್ಲಿ ಬರೆದುಕೊಡಿ: ಮಗನ ಹೆಸರು, ಬಂದಿ ಸಂಖ್ಯೆ, ಎಷ್ಟು ದಿನದಿಂದ ಮಾತಿಲ್ಲ, ಹಿಂದೆ ಯಾವಾಗಲಾದರೂ ‘ಬದುಕೋದು ಬೇಡ’ ಅಂದಿದ್ದನಾ ಅನ್ನುವುದು. ಅದರ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಹೀಗೆ ಮನೆಯವರು ಬರೆದುಕೊಟ್ಟ ಚೀಟಿಯಿಂದಲೇ ನಾನು ಕೆಲವರನ್ನು ಸಮಯಕ್ಕೆ ಸರಿಯಾಗಿ ಕಂಡಿದ್ದೇನೆ. ಸಾವಿರಾರು ಜನರ ನಡುವೆ ಒಬ್ಬ ಸುಮ್ಮನಾಗಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ತಾಯಿಯ ಕಣ್ಣಿಗೇ ಮೊದಲು ಬೀಳುವುದು.

ಪ್ರಶ್ನೆ: ಸೈಕಾಲಜಿಯಲ್ಲಿ ಎಂ.ಎಸ್ಸಿ. ಕೊನೆ ವರ್ಷದಲ್ಲಿದ್ದೇನೆ. ಜೈಲಿನಲ್ಲಿ ಕೆಲಸ ಮಾಡುವ ಆಸೆ. ಮನೆಯಲ್ಲಿ ‘ಹೆಣ್ಣುಮಗಳು ಅಲ್ಲಿ ಯಾಕೆ’ ಅಂತಿದ್ದಾರೆ. ಏನು ಓದಬೇಕು? ಭಯ ಆಗುವುದಿಲ್ಲವೇ? ನಿಮ್ಮ ಒಂದು ದಿನ ಹೇಗಿರುತ್ತದೆ?
— ವಿದ್ಯಾರ್ಥಿನಿ, ಶಿವಮೊಗ್ಗ

ನಿಮ್ಮ ಕಾಗದ ಓದಿ ಖುಷಿಯಾಯಿತು. ಈ ಕೆಲಸಕ್ಕೆ ಜನ ಬೇಕು. 500 ಬಂದಿಗಳಿಗೆ ಕನಿಷ್ಠ ಒಬ್ಬ ಮನೋವಿಜ್ಞಾನಿಯೋ ಆಪ್ತಸಮಾಲೋಚಕರೋ ಇರಬೇಕು ಅಂತ 2016ರ ಮಾದರಿ ಕಾರಾಗೃಹ ಕೈಪಿಡಿ ಹೇಳುತ್ತದೆ. 2017ರಲ್ಲಿ ಸುಪ್ರೀಂ ಕೋರ್ಟ್ ಕೂಡ, ಅದರಲ್ಲೂ ಮೊದಲ ಸಲ ಒಳಗೆ ಬಂದವರಿಗಾಗಿ, ಸಮಾಲೋಚಕರನ್ನು ನೇಮಿಸಿ ಅಂತ ಹೇಳಿತು. ಆ ಲೆಕ್ಕಕ್ಕೂ ನಿಜಕ್ಕೂ ಬಹಳ ದೂರ ಇದೆ. ಬೇಕಾಗಿರುವುದು ಎಷ್ಟು ಅಂತ ತಿಳಿಯಬೇಕಾದರೆ ನಿಮ್ಹಾನ್ಸ್‌ನವರು 2011ರಲ್ಲಿ ಕೊಟ್ಟ ವರದಿ ಓದಿ. ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ 5,024 ಜನರನ್ನು ಅವರು ನೋಡಿದರು. ನೂರಕ್ಕೆ ಸುಮಾರು 80 ಮಂದಿಗೆ ಒಂದೋ ಮಾನಸಿಕ ಕಾಯಿಲೆ, ಇಲ್ಲಾ ಕುಡಿತ-ತಂಬಾಕು-ಗಾಂಜಾದಂಥ ಚಟದ ತೊಂದರೆ ಇತ್ತು. ಚಟವನ್ನು ಪಕ್ಕಕ್ಕಿಟ್ಟರೂ ನೂರಕ್ಕೆ ಇಪ್ಪತ್ತೇಳಕ್ಕೂ ಜಾಸ್ತಿ ಜನ ಉಳಿದರು.

ಓದಿನ ವಿಷಯ: ಎಂ.ಎಸ್ಸಿ. ಮೇಲೆ ಆಪ್ತಸಮಾಲೋಚಕಿ ಆಗಬಹುದು. ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ಕೋರ್ಸ್ ಮಾಡಿ, ಅಲ್ಲಿ ನೋಂದಣಿ ಮಾಡಿಸಬೇಕು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಎರಡೂ ಇವೆ. ಆಸ್ಪತ್ರೆಯಲ್ಲಿ ಎರಡು ವರ್ಷ ಪಳಗದೆ ನೇರ ಜೈಲಿಗೆ ಬರಬೇಡಿ, ಇದು ನನ್ನ ಖಚಿತ ಅಭಿಪ್ರಾಯ. ಹೊರಗೆ ಸಹಾಯಕ್ಕೆ ಹಿರಿಯರು ಇರುತ್ತಾರೆ, ಒಳಗೆ ಎಷ್ಟೋ ಸಲ ನೀವೊಬ್ಬರೇ. ಕೆಲಸ ಬಹುಪಾಲು ಗುತ್ತಿಗೆ ಮೇಲೆ ಸಿಗುತ್ತದೆ, ಇದನ್ನೂ ತಿಳಿದೇ ಬನ್ನಿ. ಜೊತೆಗೆ ಉರ್ದು, ಹಿಂದಿ, ತೆಲುಗು ಮಾತಾಡಲು ಕಲಿಯಿರಿ. ಬಿಹಾರದಿಂದ ಗಾರೆ ಕೆಲಸಕ್ಕೆ ಬಂದು ಕೇಸಿನಲ್ಲಿ ಸಿಕ್ಕಿಕೊಂಡ ಹುಡುಗನಿಗೆ ನಮ್ಮ ಜೈಲಿನಲ್ಲಿ ಎರಡು ಥರದ ಬೀಗ. ಒಂದು ಕಬ್ಬಿಣದ್ದು, ಇನ್ನೊಂದು ಕನ್ನಡದ್ದು.

ನನ್ನ ದಿನ ಒಂಬತ್ತೂವರೆಗೆ ಶುರು. ಗೇಟಿನಲ್ಲಿ ಫೋನ್ ಕೊಟ್ಟು, ಬ್ಯಾಗ್ ತೋರಿಸಿ, ರಿಜಿಸ್ಟರಿನಲ್ಲಿ ಸಹಿ ಮಾಡಬೇಕು. ದೊಡ್ಡ ಬಾಗಿಲು ತೆಗೆಯುವುದಿಲ್ಲ. ಅದರಲ್ಲೇ ಒಂದು ಚಿಕ್ಕ ಬಾಗಿಲು ಇದೆ, ತಲೆ ಬಗ್ಗಿಸಿ ದಾಟಬೇಕು. ಮೊದಲು ಹಿಂದಿನ ದಿನ ಒಳಗೆ ಬಂದ ಹೊಸಬರನ್ನು ನೋಡುತ್ತೇನೆ. ಮೊದಲ ವಾರವೇ ಬಹಳ ಸೂಕ್ಷ್ಮ. ಆಮೇಲೆ ಕೋರ್ಟಿನಿಂದ ಕೆಟ್ಟ ಸುದ್ದಿ ಕೇಳಿ ಬಂದವರು, ಮನೆಯಲ್ಲಿ ಸಾವಾದವರು, ಹೆಂಡತಿಯಿಂದ ವಿಚ್ಛೇದನದ ನೋಟಿಸ್ ಬಂದವರು. ಮಧ್ಯಾಹ್ನ ಮಹಿಳಾ ವಿಭಾಗ. ಅಲ್ಲಿ ಆರು ವರ್ಷದೊಳಗಿನ ಮಕ್ಕಳು ತಾಯಿ ಜೊತೆಗೇ ಇರಬಹುದು. ಒಂದು ಮಗು ನನ್ನ ಸ್ಟೂಲಿನ ಕೆಳಗೆ ಕೂತು ‘ಎಣಿಕೆ ಆಟ’ ಆಡುತ್ತದೆ. ಬಂದಿಗಳನ್ನು ದಿನಾ ಎಣಿಸುವ ಹಾಗೆಯೇ ಗೊಂಬೆಗಳನ್ನು ಸಾಲಾಗಿ ಕೂರಿಸಿ ಎಣಿಸುವುದು. ಅದಕ್ಕೆ ಗೊತ್ತಿರುವ ಆಟ ಅದು. ಅದನ್ನು ನೋಡಿದ ದಿನ ಮನೆಗೆ ಬಂದು ಊಟ ಮಾಡಲು ಕಷ್ಟ ಆಗುತ್ತದೆ.

ಪ್ರತಿಯೊಬ್ಬರೂ ಮೊದಲ ದಿನ ಕೇಳುವ ಪ್ರಶ್ನೆ ‘ಇದು ಫೈಲಿಗೆ ಹೋಗುತ್ತಾ?’ ಇದಕ್ಕೆ ಉತ್ತರ ಸಿದ್ಧ ಮಾಡಿಕೊಂಡೇ ಬನ್ನಿ. ನಾನು ಹೇಳುವುದು ಇಷ್ಟು. ‘ನೀವು ಹೇಳಿದ್ದು ನನ್ನಲ್ಲೇ ಇರುತ್ತದೆ. ಆದರೆ ನಿಮ್ಮ ಜೀವಕ್ಕೆ ಅಪಾಯ, ಇನ್ನೊಬ್ಬರ ಜೀವಕ್ಕೆ ಅಪಾಯ, ಓಡಿಹೋಗುವ ಯೋಜನೆ, ಈ ಮೂರನ್ನು ನಾನು ಬಚ್ಚಿಡುವುದಿಲ್ಲ. ಹೇಳುವ ಮೊದಲೇ ಯೋಚಿಸಿ.’ ಇದನ್ನು ಮುಂಚೆಯೇ ಹೇಳಿದರೆ ನಂಬಿಕೆ ಹೋಗುವುದಿಲ್ಲ, ಬೆಳೆಯುತ್ತದೆ. ಭಯದ ಬಗ್ಗೆ ಕೇಳಿದಿರಿ. ಕೋಣೆಯ ಬಾಗಿಲು ತೆರೆದಿರುತ್ತದೆ, ಕಾವಲಿನ ವಾರ್ಡರ್ ನಮ್ಮ ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ನಮ್ಮ ಮಾತು ಕಿವಿಗೆ ಕೇಳದಷ್ಟು ದೂರದಲ್ಲಿ ನಿಂತಿರುತ್ತಾರೆ. ಇಷ್ಟು ವರ್ಷದಲ್ಲಿ ನನ್ನ ಮೇಲೆ ಯಾರೂ ಕೈ ಎತ್ತಿಲ್ಲ. ಬೆಂಗಳೂರಿಗೆ ಹೋದಾಗ ಫ್ರೀಡಂ ಪಾರ್ಕಿನಲ್ಲಿ ಒಂದು ಗಂಟೆ ಕೂತು ಬನ್ನಿ. ಅದು ಹಳೇ ಸೆಂಟ್ರಲ್ ಜೈಲು. ಮನೆಯವರನ್ನೂ ಕರೆದುಕೊಂಡು ಹೋಗಿ.

ಪ್ರಶ್ನೆ: ಜೈಲಿನಲ್ಲಿ ಕಾಯಿಲೆ ಅಂತ ನಾಟಕ ಆಡುವವರೇ ಜಾಸ್ತಿ ಅಲ್ಲವೇ?
— ಓದುಗರು, ಚಿತ್ರದುರ್ಗ

ನಾಟಕ ಆಡುವವರು ಇದ್ದಾರೆ. ಆಸ್ಪತ್ರೆ ವಾರ್ಡಿನಲ್ಲಿ ಮಂಚ ಸಿಗುತ್ತದೆ, ಹಾಲು ಸಿಗುತ್ತದೆ ಅಂತ ಮಾಡುತ್ತಾರೆ. ಎರಡು-ಮೂರು ಸಲ ಕೂತು ಮಾತಾಡಿದರೆ ತಿಳಿಯುತ್ತದೆ. ಆದರೆ ನಾನು ಜಾಸ್ತಿ ನೋಡಿರುವುದು ಇದರ ಉಲ್ಟಾ. ನಿಜವಾದ ಕಾಯಿಲೆಯನ್ನೇ ನಾಟಕ ಅಂದುಕೊಂಡು ಬಿಡುವುದು.

ಇಟ್ಟಿಗೆ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರು ಶನಿವಾರ ಒಳಗೆ ಬಂದರು. ದಿನಾ ಕುಡಿಯುವವರು, ಇಪ್ಪತ್ತು ವರ್ಷದ ಅಭ್ಯಾಸ. ಸೋಮವಾರ ಬೆಳಿಗ್ಗೆ ನಾನು ಹೋದಾಗ ಗೋಡೆಗೆ ಒರಗಿ ಕೂತಿದ್ದರು. ಮೈಯೆಲ್ಲ ಬೆವರು. ಎರಡು ಬೆರಳಿನಲ್ಲಿ ಲುಂಗಿ ಮೇಲಿಂದ ಏನನ್ನೋ ಹೆಕ್ಕಿ ಹೆಕ್ಕಿ ಪಕ್ಕಕ್ಕೆ ಹಾಕುತ್ತಿದ್ದರು. ಅಲ್ಲಿ ಏನೂ ಇರಲಿಲ್ಲ. ‘ಏನಣ್ಣ ಅದು?’ ಅಂದೆ. ‘ಗೊದ್ದ ಮೇಡಂ, ಇಷ್ಟೊಂದು ಗೊದ್ದ’ ಅಂದರು. ಯಾವ ಊರಿನಲ್ಲಿದ್ದೀರಿ ಅಂದರೆ ‘ಭಟ್ಟಿ ಹತ್ರ’ ಅಂದರು. ಪಕ್ಕದಲ್ಲಿದ್ದವರು ನಗುತ್ತಿದ್ದರು. ಹೊಸ ವಾರ್ಡರ್ ‘ಆ್ಯಕ್ಟಿಂಗ್ ಮೇಡಂ’ ಅಂದ.

ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಎರಡನೇ, ಮೂರನೇ ದಿನ ಹೀಗಾಗಬಹುದು. ಫಿಟ್ಸ್ ಬರಬಹುದು, ಜೀವವೂ ಹೋಗಬಹುದು. ಮಾತ್ರೆ ಬರೆಯುವುದು ನನ್ನ ಕೆಲಸ ಅಲ್ಲ. ಓಡಿಹೋಗಿ ವೈದ್ಯರನ್ನು ಕರೆತರುವುದು ನನ್ನ ಕೆಲಸ. ಅರ್ಧ ಗಂಟೆಯಲ್ಲಿ ಥಯಾಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಬಿತ್ತು, ಆಸ್ಪತ್ರೆಗೆ ಕಳಿಸಿದರು. ಮುಂದಿನ ವಾರ ಅವರು ವಾಪಸ್ ಬಂದು ಕೈ ಮುಗಿದು ಕೇಳಿದ್ದು ಒಂದೇ. ‘ನಾನು ಏನಾದ್ರೂ ಕೆಟ್ಟ ಮಾತು ಆಡಿದ್ನಾ ಮೇಡಂ?’ ಈಗ ನಾವು ಗೇಟಿನಲ್ಲೇ ಪ್ರತಿ ಹೊಸಬರನ್ನೂ ‘ಕೊನೇ ಸಲ ಕುಡಿದಿದ್ದು ಯಾವಾಗ?’ ಅಂತ ಕೇಳುತ್ತೇವೆ. ಆ ವಾರ್ಡರೇ ಈಗ ಎಲ್ಲರಿಗಿಂತ ಮೊದಲು ಕೇಳುತ್ತಾನೆ.

ಪ್ರಶ್ನೆ: ನನ್ನ ತಮ್ಮನಿಗೆ ಎಂಟು ವರ್ಷದಿಂದ ಸ್ಕಿಜೋಫ್ರೇನಿಯಾ ಇದೆ. ಮಾತ್ರೆ ಬಿಟ್ಟಿದ್ದ. ಪಕ್ಕದ ಮನೆಯವರ ಮೇಲೆ ಕಲ್ಲು ಎಸೆದು ಈಗ ಜೈಲಿನಲ್ಲಿದ್ದಾನೆ. ಅವನಿಗೆ ಅಲ್ಲಿ ಔಷಧಿ ಸಿಗುತ್ತದೆಯೇ?
— ಒಬ್ಬ ಅಣ್ಣ, ಹಾಸನ

ಸಿಗಲೇಬೇಕು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 103ನೇ ಕಲಂ ಪೂರ್ತಿ ಇದರ ಬಗ್ಗೆಯೇ ಇದೆ. ಮಾನಸಿಕ ಕಾಯಿಲೆ ಇರುವ ಬಂದಿಯನ್ನು ಚಿಕಿತ್ಸೆ ಸಿಗುವ ಕಡೆಗೆ ವರ್ಗಾಯಿಸಬಹುದು. ಪ್ರತಿ ಮೂರು ತಿಂಗಳಿಗೊಮ್ಮೆ ಜೈಲಿನ ವೈದ್ಯಾಧಿಕಾರಿ ಈ ಬಗ್ಗೆ ಮಾನಸಿಕ ಆರೋಗ್ಯ ಪರಾಮರ್ಶೆ ಮಂಡಳಿಗೆ ವರದಿ ಕಳಿಸಬೇಕು.

ನೀವು ಮಾಡಬೇಕಾದ್ದು ಇದು. ಹಳೇ ಚೀಟಿ, ಡಿಸ್ಚಾರ್ಜ್ ಪತ್ರ, ಮಾತ್ರೆಗಳ ಹೆಸರು ಎಲ್ಲದರ ಮೂರು ಜೆರಾಕ್ಸ್ ಮಾಡಿಸಿ. ಒಂದು ಜೈಲಿನ ವೈದ್ಯಾಧಿಕಾರಿಗೆ, ಒಂದು ವಕೀಲರಿಗೆ, ಒಂದು ನಿಮ್ಮ ಹತ್ತಿರ. ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಕೊನೆಯದು ಯಾವತ್ತು ಕೊಟ್ಟಿದ್ದು ಅಂತ ದೊಡ್ಡದಾಗಿ ಬರೆಯಿರಿ. ಯಾವ ಮಾತ್ರೆ ಅವನಿಗೆ ಒಗ್ಗಲಿಲ್ಲ ಅನ್ನುವುದನ್ನೂ ಬರೆಯಿರಿ. ಮಾತ್ರೆಗಳನ್ನು ಊಟದ ಡಬ್ಬಿಯಲ್ಲೋ ಬಟ್ಟೆಯಲ್ಲೋ ಅಡಗಿಸಿ ಒಳಗೆ ಕಳಿಸುವ ಕೆಲಸ ಖಂಡಿತ ಬೇಡ, ಹೊಸ ಕೇಸು ಬೀಳುತ್ತದೆ. ತನ್ನ ಪರ ವಾದವನ್ನು ತಾನು ಅರ್ಥ ಮಾಡಿಕೊಳ್ಳಲಾರದ ಸ್ಥಿತಿಯಲ್ಲಿ ಅವನಿದ್ದರೆ, ವಿಚಾರಣೆಯನ್ನು ಮುಂದಕ್ಕೆ ಹಾಕಿ ಚಿಕಿತ್ಸೆ ಕೊಡಿಸಲು ಕಾನೂನಿನಲ್ಲಿ ದಾರಿ ಇದೆ. ಅದಕ್ಕೆ ವಕೀಲರು ಕೋರ್ಟಿಗೆ ಅರ್ಜಿ ಹಾಕಬೇಕು. ‘ಮನೆ ಮರ್ಯಾದೆ’ ಅಂತ ಕಾಯಿಲೆಯನ್ನು ಮುಚ್ಚಿಡಬೇಡಿ ಅಣ್ಣ. ಒಂದು ಕಾಲದಲ್ಲಿ ಯಾವ ಅಪರಾಧವನ್ನೂ ಮಾಡದ ಮಾನಸಿಕ ರೋಗಿಗಳನ್ನೂ ನಮ್ಮ ದೇಶದ ಜೈಲುಗಳಲ್ಲಿ ಇಡುತ್ತಿದ್ದರು. ಅದು ಅಸಾಂವಿಧಾನಿಕ ಅಂತ ಪತ್ರಕರ್ತೆ ಶೀಲಾ ಬರ್ಸೆ ಅವರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1993ರಲ್ಲಿ.

ಪ್ರಶ್ನೆ: ಹೊಲದ ಬದುವಿನ ಜಗಳದಲ್ಲಿ ನನ್ನ ಅಣ್ಣನನ್ನು ಕೊಂದರು. ಕೊಂದವನಿಗೆ ಜೀವಾವಧಿ ಆಗಿದೆ. ನೀವು ಅಂಥವರ ಎದುರು ಕೂತು ಅವರ ದುಃಖ ಕೇಳುತ್ತೀರಿ, ಸಂಬಳ ತೆಗೆದುಕೊಳ್ಳುತ್ತೀರಿ. ನನ್ನ ತಾಯಿ ಆರು ವರ್ಷದಿಂದ ಸರಿಯಾಗಿ ನಿದ್ದೆ ಮಾಡಿಲ್ಲ. ಅವಳ ದುಃಖ ಕೇಳಲು ಸರ್ಕಾರ ಯಾರನ್ನು ಇಟ್ಟಿದೆ?
— ಹೆಸರು ಬೇಡ, ಗದಗ

ತಂಗಿ, ನಿಮ್ಮ ಕಾಗದವನ್ನು ಎಲ್ಲಕ್ಕಿಂತ ಜಾಸ್ತಿ ಸಲ ಓದಿದೆ. ನೀವು ಕೇಳಿದ್ದು ನ್ಯಾಯವಾಗಿದೆ. ನಿಮ್ಮ ತಾಯಿಯ ಬಾಗಿಲಿಗೆ ಯಾರೂ ಬರಲಿಲ್ಲ. ಬರಬೇಕಾಗಿತ್ತು. ಕೋರ್ಟು ಅವರನ್ನು ಸಾಕ್ಷಿಯಾಗಿ ಕರೆಯಿತು, ಮನುಷ್ಯರಾಗಿ ಕರೆಯಲಿಲ್ಲ. ಇದು ನಮ್ಮ ವ್ಯವಸ್ಥೆಯ ದೊಡ್ಡ ಕೊರತೆ.

ಮೊದಲು ತಾಯಿಯ ವಿಷಯ. ಆರು ವರ್ಷದ ನಿದ್ದೆಗೇಡು ಬರೀ ದುಃಖ ಅಲ್ಲ, ಅದಕ್ಕೆ ಚಿಕಿತ್ಸೆ ಇದೆ. 14416, ಇದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್. ದುಡ್ಡು ಬೇಡ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರೂ ಇರುತ್ತಾರೆ. ಮೊದಲ ಸಲ ನೀವೇ ಜೊತೆಯಲ್ಲಿ ಹೋಗಿ. ‘ಹುಚ್ಚಿನ ಡಾಕ್ಟ್ರು’ ಅಂತ ಅವರು ಹೆದರಿದರೆ ‘ನಿದ್ದೆ ಡಾಕ್ಟ್ರು’ ಅನ್ನಿ, ಸುಳ್ಳೇನೂ ಆಗುವುದಿಲ್ಲ. ಇನ್ನು, ಅಪರಾಧಕ್ಕೆ ಬಲಿಯಾದವರ ಕುಟುಂಬಕ್ಕೆ ಪರಿಹಾರ ಕೊಡುವ ಯೋಜನೆ ಕರ್ನಾಟಕದಲ್ಲಿ ಇದೆ. ನಿಮಗೆ ಯಾರಾದರೂ ಹೇಳಿದ್ದರೇ? ಇಲ್ಲ ಅಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ತೀರ್ಪಿನ ಪ್ರತಿ ತೆಗೆದುಕೊಂಡು ಹೋಗಿ ಕೇಳಿ. ಕಚೇರಿ ಸಾಮಾನ್ಯವಾಗಿ ಕೋರ್ಟಿನ ಆವರಣದಲ್ಲೇ ಇರುತ್ತದೆ.

ಈಗ ನನ್ನ ಕೆಲಸದ ವಿಷಯ. ಕೇಳುವುದು ಬೇರೆ, ಕ್ಷಮಿಸುವುದು ಬೇರೆ. ಕ್ಷಮಿಸುವ ಹಕ್ಕು ನನಗಿಲ್ಲ. ನಿಮಗೂ ‘ಕ್ಷಮಿಸಿ’ ಅಂತ ನಾನು ಹೇಳುವುದಿಲ್ಲ. ಯಾರೂ ಹೇಳಬಾರದು.

ಒಬ್ಬ ಜೀವಾವಧಿ ಬಂದಿಯ ಬಗ್ಗೆ ಹೇಳುತ್ತೇನೆ. ನಿಮ್ಮ ಕೇಸಿನವನಲ್ಲ. ಐದು ವರ್ಷ ಅವನು ನನ್ನ ಹತ್ತಿರ ಬಂದು ಹೋಗಿ ಮಾಡಿದ. ತಾನು ಮಾಡಿದ್ದನ್ನು ಅವನು ‘ಆ ಘಟನೆ’ ಅನ್ನುತ್ತಿದ್ದ. ‘ಆ ಘಟನೆ ಆದ್ಮೇಲೆ’, ‘ಘಟನೆ ನಡೆದ ದಿನ’, ಏನೋ ಮಳೆ ಬಂತು ಅನ್ನುವ ಹಾಗೆ. ಮೊದಲ ವರ್ಷ ನಿದ್ದೆ ಇರಲಿಲ್ಲ, ಸಿಟ್ಟು, ಯಾರ ಮೇಲಾದರೂ ಎರಗುವುದು. ನಿದ್ದೆ ಸರಿಹೋಯಿತು. ನೇಯ್ಗೆ ವಿಭಾಗದಲ್ಲಿ ಕೆಲಸಕ್ಕೆ ಸೇರಿದ. ಐದನೇ ವರ್ಷ ಒಂದು ಮಧ್ಯಾಹ್ನ, ಬೆರಳಿಗೆ ಸುತ್ತಿಕೊಂಡಿದ್ದ ದಾರವನ್ನು ಬಿಡಿಸುತ್ತಾ, ಸತ್ತವನ ಹೆಸರು ಹೇಳಿದ. ಮೊದಲ ಸಲ. ಆಮೇಲೆ ‘ನಾನು ಅವನನ್ನ ಕೊಂದೆ’ ಅಂದ. ತುಂಬಾ ಹೊತ್ತು ಇಬ್ಬರೂ ಸುಮ್ಮನಿದ್ದೆವು. ನಂತರ ‘ಅವನ ತಾಯಿ ಇನ್ನೂ ಇದಾರಾ ಮೇಡಂ?’ ಅಂತ ಕೇಳಿದ. ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂದೆ. ಅವತ್ತು ಅವನು ಅತ್ತದ್ದು ತನಗಾಗಿ ಅಲ್ಲ.

ಮನಸ್ಸು ಚೂರುಚೂರಾಗಿರುವವನು ತಾನು ಮಾಡಿದ್ದನ್ನು ನೋಡಲಾರ. ತನ್ನ ನೋವೇ ಅವನಿಗೆ ಕಣ್ಣು ತುಂಬಾ ಇರುತ್ತದೆ. ನಾನು ಸಂಬಳ ತೆಗೆದುಕೊಳ್ಳುವುದು ಅವನನ್ನು ಆ ಹೆಸರು ಹೇಳುವಲ್ಲಿಗೆ ತಲುಪಿಸಲು. ಎಲ್ಲರೂ ತಲುಪುವುದಿಲ್ಲ. ತಲುಪಿದವನು ಮುಂದೊಂದು ದಿನ ಹೊರಗೆ ಬಂದರೆ ಬೇರೆಯವನಾಗಿ ಬರುತ್ತಾನೆ ಅಂತ ನಾನು ನಂಬಿದ್ದೇನೆ. ಇದು ನಿಮ್ಮ ತಾಯಿಗೆ ಏನೂ ಕೊಡುವುದಿಲ್ಲ, ಅದು ನನಗೆ ಗೊತ್ತು. ಅವರಿಗೆ ಬೇಕಾದ್ದು ಅವರಿಗೆ ಬೇರೆಯಾಗಿಯೇ ಸಿಗಬೇಕು. ಕಾಗದದಲ್ಲಿ ನಿಮ್ಮ ಅಣ್ಣನ ಬಗ್ಗೆ ಬರೆದಿದ್ದೀರಿ. ಗಾಳಿಪಟ ಮಾಡುವುದರಲ್ಲಿ ಎತ್ತಿದ ಕೈ, ಊರ ಮಕ್ಕಳೆಲ್ಲ ಬರುತ್ತಿದ್ದರು ಅಂತ. ತಾಯಿ ಹತ್ತಿರ ಕೇಸಿನ ಮಾತು ಬಿಟ್ಟು ಆ ಗಾಳಿಪಟದ ಮಾತು ಆಡಿ.

ಪ್ರಶ್ನೆ: ನನ್ನ ಗಂಡ ಜೈಲು ವಾರ್ಡರ್. ಮನೆಯಲ್ಲಿ ಸಣ್ಣಪುಟ್ಟದ್ದಕ್ಕೂ ಕೂಗಾಡುತ್ತಾರೆ. ರಾತ್ರಿ ಎದ್ದು ಬಾಗಿಲ ಚಿಲಕ ಮೂರು ನಾಲ್ಕು ಸಲ ನೋಡುತ್ತಾರೆ. ಇದಕ್ಕೂ ಸಲಹೆ ಕೊಡುತ್ತೀರಾ?
— ಗೃಹಿಣಿ, ಸಿಬ್ಬಂದಿ ಕ್ವಾರ್ಟರ್ಸ್

ಖಂಡಿತ. ಜೈಲಿನಲ್ಲಿ ಬಂದಿ ಒಂದು ಅವಧಿ ಕಳೆಯುತ್ತಾನೆ, ವಾರ್ಡರ್ ಇಡೀ ಸರ್ವೀಸ್ ಕಳೆಯುತ್ತಾರೆ. ಜನ ಕಮ್ಮಿ, ಡ್ಯೂಟಿ ಜಾಸ್ತಿ. ಒಂದು ಚಿಲಕ ಮರೆತರೆ ಸಸ್ಪೆಂಡ್. ಒಳಗೆ ನಡೆದ ಸಾವನ್ನು ಮೊದಲು ನೋಡುವವರೂ ಅವರೇ. ಚಿಲಕ ನೋಡುವುದನ್ನು ಹಂಗಿಸಬೇಡಿ, ಅವರ ಕೆಲಸವೇ ಮನೆಗೆ ಬಂದಿದೆ. ಡ್ಯೂಟಿಯಿಂದ ಬಂದ ತಕ್ಷಣ ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ, ಅರ್ಧ ಗಂಟೆ ಯಾರ ಜೊತೆಗೂ ಮಾತಿಲ್ಲದೆ ಇರಲು ಬಿಡಿ. ನಮ್ಮಲ್ಲಿ ಕೆಲವರಿಗೆ ಇದು ಕೆಲಸ ಮಾಡಿದೆ. ಆದರೆ ಕೈ ಎತ್ತಿದರೆ ಸಹಿಸಿಕೊಳ್ಳಬೇಡಿ. ಕುಡಿತ ಶುರುವಾಗಿದ್ದರೆ ತಡ ಮಾಡದೆ ವೈದ್ಯರಿಗೆ ತೋರಿಸಿ. ಇಲಾಖೆಗೆ ಗೊತ್ತಾಗುತ್ತದೆ ಅನ್ನುವ ಹೆದರಿಕೆ ಇದ್ದರೆ 14416ಕ್ಕೆ ಅವರೇ ಫೋನ್ ಮಾಡಬಹುದು.

ಪ್ರಶ್ನೆ: ಹದಿನಾರು ವರ್ಷ ಒಳಗಿದ್ದೆ. ಸನ್ನಡತೆ ಮೇಲೆ ಬಿಡುಗಡೆಯಾಗಿ ಏಳು ತಿಂಗಳಾಯಿತು. ಕತ್ತಲೆಯಲ್ಲಿ ನಿದ್ದೆ ಬರುವುದಿಲ್ಲ. ಬೆಳಗಿನ ಜಾವ ಎದ್ದು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತುಬಿಡುತ್ತೇನೆ. ಹೆಂಡತಿ ತರಕಾರಿ ತರಲು ಕಳಿಸಿದರೆ ಏನು ತೆಗೆದುಕೊಳ್ಳಬೇಕು ಅಂತ ತಿಳಿಯದೆ ಬರಿಗೈಲಿ ಬರುತ್ತೇನೆ. ನನಗೆ ತಲೆ ಕೆಟ್ಟಿದೆಯೇ?
— ಹೆಸರು ಬೇಡ, ತುಮಕೂರು ಜಿಲ್ಲೆ

ಇಲ್ಲ ಅಣ್ಣ. ತಲೆ ಕೆಟ್ಟಿಲ್ಲ. ನಿಮ್ಮ ಮೈ ಇನ್ನೂ ಬಿಡುಗಡೆ ಆಗಿಲ್ಲ, ಅಷ್ಟೇ.

ಬ್ಯಾರಕ್ಕಿನಲ್ಲಿ ರಾತ್ರಿಯಿಡೀ ಲೈಟು ಉರಿಯುತ್ತಿತ್ತು. ಹದಿನಾರು ವರ್ಷ ಆ ಬೆಳಕಿನಲ್ಲಿ ಮಲಗಿದವರು ನೀವು. ಒಮ್ಮೆಲೇ ಕತ್ತಲೆ ಅಂದರೆ ಹೇಗೆ? ಒಂದು ಜೀರೋ ಕ್ಯಾಂಡಲ್ ಬಲ್ಬು ತನ್ನಿ. ಮೊದಲು ಮಲಗುವ ಕೋಣೆಯಲ್ಲೇ ಹಾಕಿ. ನಿದ್ದೆ ಒಂದು ಹದಕ್ಕೆ ಬಂದ ಮೇಲೆ ಅದನ್ನು ಪಡಸಾಲೆಗೆ ಸರಿಸಿ, ಬಾಗಿಲು ಅರ್ಧ ತೆರೆದಿಡಿ. ಆಮೇಲೆ ಅಡುಗೆಮನೆಗೆ. ಅವಸರ ಬೇಡ.

ಅಂಗಳದಲ್ಲಿ ಕೂರುವುದು ಬೆಳಗಿನ ಎಣಿಕೆ. ಸಾಲಾಗಿ ಕೂತು ಲೆಕ್ಕ ಕೊಟ್ಟ ಅಭ್ಯಾಸ ಅದು. ಕೂರಬೇಡಿ ಅಂತ ಹೇಳುವುದಿಲ್ಲ. ಒಂದು ಕುರ್ಚಿ ಹಾಕಿಕೊಂಡು ಕೂರಿ. ಕೈಯಲ್ಲಿ ಒಂದು ಲೋಟ ಟೀ ಇರಲಿ. ನಿಮ್ಮ ಹೆಂಡತಿಗೆ ಈ ಎಣಿಕೆಯ ವಿಷಯ ಹೇಳಿದ್ದೀರಾ? ಹೇಳಿಲ್ಲ ಅಂತ ಕಾಗದ ನೋಡಿದರೆ ಅನ್ನಿಸುತ್ತದೆ. ಹೇಳಿ. ಗೊತ್ತಿಲ್ಲದಿದ್ದರೆ ಅವರು ಅದನ್ನು ತಮ್ಮ ಮೇಲಿನ ಬೇಸರ ಅಂದುಕೊಳ್ಳುತ್ತಾರೆ.

ತರಕಾರಿ ಸಂತೆಯಲ್ಲಿ ಆಗುವುದೂ ಇದೇ. ಇಷ್ಟು ವರ್ಷ ಏನು ತಿನ್ನಬೇಕು, ಯಾವಾಗ ಮಲಗಬೇಕು ಅಂತ ಬೇರೆಯವರು ತೀರ್ಮಾನ ಮಾಡಿದರು. ಆ ಸ್ನಾಯು ಬಳಕೆ ತಪ್ಪಿದೆ. ಸಂತೆಗೆ ಹೋಗುವ ಮೊದಲು ಮನೆಯಲ್ಲೇ ಒಂದು ತರಕಾರಿ ತೀರ್ಮಾನ ಮಾಡಿ. ಒಂದೇ ಸಾಕು. ಈ ವಾರ ಬದನೆಕಾಯಿ ಅಂತಿಟ್ಟುಕೊಳ್ಳಿ. ಜನ ಕಮ್ಮಿ ಇರುವ ಹೊತ್ತಿಗೆ ಹೋಗಿ, ಅದನ್ನು ತಂದುಬಿಡಿ. ಮುಂದಿನ ವಾರ ಎರಡು. ಎದೆ ಬಡಿತ, ಕೆಟ್ಟ ಕನಸು ಕಮ್ಮಿಯಾಗದೆ ಹಾಗೇ ಮುಂದುವರಿದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ನೋಡಿ. ಎಲ್ಲಿದ್ದಿರಿ ಅಂತ ಅವರಿಗೆ ನಿಜ ಹೇಳಿ.

ನಿಮ್ಮ ಕಾಗದದಲ್ಲಿ ವಿಳಾಸ ಇರಲಿಲ್ಲ. ಇನ್ನೊಂದು ಬರೆಯಿರಿ. ಬಲ್ಬು ಯಾವ ಕೋಣೆವರೆಗೆ ಹೋಯಿತು ಅಂತ ತಿಳಿಸಿ. ನಾನು ಕಾಯುತ್ತಿರುತ್ತೇನೆ.